ಪುಟ್ಟನಿಗೆ ಅತ್ತೆ ಬರೆದದ್ದು: ಮೊದ್ಲು ಭಾರ ಎಲ್ಲಿದೆ ನೋಡು

ಪ್ರೀತಿಯ ಪುಟ್ಟಾ,

ಜೆಸ್ಚರ್ ಡ್ರಾಯಿಂಗ್ ಕ್ಲಾಸಲ್ಲಿ, ಅಂದ್ರೆ ಮಾಡೆಲ್ ನಿಂತ ಭಂಗಿನ ಬೇಗ ಬೇಗ ಗೆರೇಲಿ ಹಿಡಿಯೋ ಆ ಕ್ಲಾಸಲ್ಲಿ, ನೀನು ಬಿಡಿಸಿ ಕಳಿಸಿದ ಹನ್ನೊಂದು ಚಿತ್ರದ ಫೋಟೋನೂ ನೋಡ್ದೆ, ರಾತ್ರಿ ಒಂದ್ಸಲ, ಬೆಳಿಗ್ಗೆ ಕಾಫಿ ಕುಡೀತಾ ಇನ್ನೊಂದ್ಸಲ. "ಅತ್ತೆ ಇದು ನನ್ ಕೈಲಿ ಆಗಲ್ಲ, ಪಕ್ಕದಲ್ಲಿ ಕೂತೋರು ಎಷ್ಟ್ ಚೆನ್ನಾಗಿ ಬಿಡಿಸ್ತಾರೆ" ಅಂತ ಬರ್ದಿದ್ಯಲ್ಲ, ಅದಕ್ಕೆ ವಾಟ್ಸಾಪಲ್ಲಿ ಎರಡು ಸಾಲು ಹಾಕಿ ಸುಮ್ಮನಾಗೋಕೆ ಮನಸ್ಸು ಬರ್ಲಿಲ್ಲ. ಮೂರು ಭಾನುವಾರಕ್ಕೇ ಕ್ಲಾಸ್ ಬಿಡೋ ಮಾತು ಆಡ್ಬೇಡ ಕಂದ.

ಏಳನೇ ಫೋಟೋ ತೆಗ್ದು ನೋಡು. 30 ಸೆಕೆಂಡಿನ ಪೋಸ್ ಅಂತ ಮೂಲೇಲಿ ಬರ್ಕೊಂಡಿದೀಯ. ಕಣ್ಣು ಇದೆ, ರೆಪ್ಪೆ ಇದೆ, ಮೂಗಿನ ಹೊಳ್ಳೆನೂ ಇದೆ, ಸೊಂಟದಿಂದ ಕೆಳಗೆ ಏನೂ ಇಲ್ಲ, ಅಷ್ಟರಲ್ಲಿ ಟೈಮ್ ಆಗೋಗಿದೆ. ಈಗ ಒಂಬತ್ತನೇದು ನೋಡು. ಅದನ್ನ ನೀನು ಕೆಟ್ಟದು ಅಂತ ಅಡ್ಡಗೀಟು ಹಾಕಿದೀಯ. ಮುಖ ಇಲ್ಲ, ಬೆರಳಿಲ್ಲ, ಕುತ್ತಿಗೆಯಿಂದ ಹಿಮ್ಮಡಿವರೆಗೂ ಒಂದೇ ಎಳೆತ, ಆದ್ರೆ ಆ ಮನುಷ್ಯ ಏನನ್ನೋ ಜಗ್ಗಿ ಎಳೀತಿದಾನೆ ಅಂತ ಇಲ್ಲಿ ಹಾಸನದಲ್ಲಿ ಕೂತಿರೋ ನಂಗೆ ಗೊತ್ತಾಯ್ತು. ಹನ್ನೊಂದರಲ್ಲಿ ನಿಜವಾದ ಜೆಸ್ಚರ್ ಡ್ರಾಯಿಂಗ್ ಅಂದ್ರೆ ಅದೊಂದೇ, ಅದನ್ನೇ ನೀನು ಹೊಡೆದುಹಾಕಿದೀಯಲ್ಲ ಅಂತ ಬೇಜಾರಾಯ್ತು ನೋಡು.

ಆ ಕ್ಲಾಸಲ್ಲಿ ನಿಮ್ ಹತ್ರ ಕೇಳ್ತಿರೋದು ಮನುಷ್ಯ ಹೇಗೆ ಕಾಣ್ತಾನೆ ಅಂತಲ್ಲ, ಮೈ ಏನ್ ಮಾಡ್ತಿದೆ ಅಂತ. ಅದಕ್ಕೇ 30 ಸೆಕೆಂಡು, 1 ನಿಮಿಷ, 2 ನಿಮಿಷ ಅಂತ ಕೊಡೋದು, ಮುಖ ಬಿಡಿಸೋಕೆ ಟೈಮೇ ಸಿಗಬಾರದು ಅಂತ.

ನಾನು ಲೋಯರ್, ಹೈಯರ್ ಡ್ರಾಯಿಂಗ್ ಪರೀಕ್ಷೆ ಕಟ್ಟಿದ ಕಾಲದಲ್ಲಿ ನಮಗೆ ಕಲಿಸಿದೋರು ಅಂಚು ಸರಿಯಾಗಿ ಬಂದ್ರೆ ಚಿತ್ರ ಬಂತು ಅನ್ನೋರು. ಸ್ಕೇಲು, ರಬ್ಬರು, ಹೂಜಿ, ತಂಬಿಗೆ. ಮನುಷ್ಯನ್ನ ಬಿಡಿಸು ಅಂದ್ರೂ ತಂಬಿಗೆ ಥರಾನೇ ಸುತ್ತ ಗೆರೆ ಎಳೀತಿದ್ವಿ, ನಿಂತಿರೋರೆಲ್ಲ ಕಂಬ ನೆಟ್ಟ ಹಾಗೆ. ಕೆಲಸಕ್ಕೆ ಸೇರಿ, ಮಕ್ಕಳಿಗೆ ಪಾಠ ಮಾಡೋಕೆ ಶುರು ಮಾಡಿ ಎಷ್ಟೋ ವರ್ಷ ಆದ್ಮೇಲೂ ನನ್ ಚಿತ್ರದಲ್ಲಿ ಯಾರೂ ನಡೀತಿರ್ಲಿಲ್ಲ. ಅದು ನಂಗೆ ತಿಳಿದಿದ್ದು ನಮ್ಮೂರ ಬೋರ್‌ವೆಲ್ ಹತ್ರ. ಒಬ್ಬಳು ತುಂಬಿದ ಕೊಡಪಾನ ಎತ್ತಿ ಎಡಸೊಂಟಕ್ಕೆ ಇಟ್ಕೊಂಡ್ಳು, ಇಟ್ಟ ತಕ್ಷಣ ಇಡೀ ಮೈ ಬದಲಾಯ್ತು, ಎಡಸೊಂಟ ಮೇಲಕ್ಕೆದ್ದು ಹೊರಕ್ಕೆ ಬಂತು, ಎದೆ, ತಲೆ ಬಲಕ್ಕೆ ವಾಲಿದ್ವು, ಬಲಗೈ ತಾನಾಗೇ ದೂರ ಚಾಚ್ಕೊಳ್ತು. ಕೊಡದ ನೀರು ತುಳುಕಿ ಸೀರೆ ನೆರಿಗೆ ಒಂದು ಕಡೆ ಒದ್ದೆಯಾಗಿ ತೊಡೆಗೆ ಅಂಟಿತ್ತು. ಕೈಲಿದ್ದ ಹಾಜರಿ ಪುಸ್ತಕದ ಹಿಂದಿನ ಹಾಳೇಲಿ ನಾಲ್ಕೇ ಗೆರೆ ಎಳೆದೆ. ಮನೆಗೆ ಬಂದು ನಿಮ್ಮಜ್ಜಿಗೆ ತೋರಿಸಿದ್ರೆ, "ಕೊಡ ತುಂಬಿದೆ ಅಲ್ವಾ?" ಅಂದ್ರು. ನಾನು ಕೊಡಾನೇ ಬಿಡಿಸಿರ್ಲಿಲ್ಲ!

ಅದಕ್ಕೇ ಹೇಳೋದು, ಪೆನ್ಸಿಲ್ ಹಾಳೆಗೆ ಮುಟ್ಟಿಸೋಕ್ ಮುಂಚೆ ಭಾರ ಯಾವ ಕಾಲ ಮೇಲಿದೆ ನೋಡು. ಒಂದೇ ಕಾಲ ಮೇಲೆ ಭಾರ ಹಾಕಿ ಆರಾಮಾಗಿ ನಿಂತಿದ್ರೆ ಆ ಕಡೆ ಸೊಂಟ ಮೇಲಿರುತ್ತೆ, ಭುಜ ಸಾಮಾನ್ಯವಾಗಿ ಅದೇ ಕಡೆ ಕೆಳಗಿಳಿದಿರುತ್ತೆ, ಕುತ್ತಿಗೆ ಗುಳಿಯಿಂದ ನೇರ ಕೆಳಗೆ ದಾರ ಇಳಿಬಿಟ್ರೆ ಹೆಚ್ಚುಕಮ್ಮಿ ಆ ಪಾದದ ಹತ್ರಾನೇ ಬರುತ್ತೆ. ಇದು ಕಣ್ಣಿಗೆ ಬಿತ್ತಾ, ಆಮೇಲೆ ತಲೆಯಿಂದ ಆ ಪಾದದವರೆಗೂ ಒಂದೇ ಗೆರೆ ಎಳಿ. ನಿಮ್ ಸರ್ ಲೈನ್ ಆಫ್ ಆಕ್ಷನ್ ಅಂತಾರಲ್ಲ, ಅದೇ ಇದು. ಆಮೇಲೆ ಭುಜಕ್ಕೊಂದು ಓರೆಗೆರೆ, ಸೊಂಟಕ್ಕೊಂದು. ಇಷ್ಟಾಗಿ ಟೈಮ್ ಉಳಿದ್ರೆ ಕೈ ಕಾಲು. ಮುಖದ ತಂಟೆಗೆ ಹೋಗ್ಬೇಡ, ಮೊಟ್ಟೆ ಥರ ಒಂದು ಸುತ್ತು ಸಾಕು.

ಇನ್ನು ಕೈ. ನಿನ್ನ ಗೆರೆಗಳೆಲ್ಲ ಕೂದಲು ಕೂದಲಾಗಿ ಬಂದಿವೆ, ಪೆನ್ಸಿಲ್ಲನ್ನ ಪರೀಕ್ಷೆ ಬರೆಯೋ ಥರ ತುದಿ ಹತ್ರ ಹಿಡಿದು ಬರೀ ಬೆರಳಲ್ಲಿ ಎಳೀತಿದೀಯ ಅನ್ಸುತ್ತೆ. ನಿಮ್ಮಜ್ಜಿ ರಂಗೋಲಿ ಹಾಕೋದು ನೋಡಿದೀಯಲ್ಲ? ಎಳೆ ಎಳೆಯುವಾಗ ಕೈ ಮಧ್ಯದಲ್ಲಿ ತಡೆದ್ರೆ ಪುಡಿ ಅಲ್ಲೇ ಗುಡ್ಡೆ ಆಗುತ್ತೆ, ಅದಕ್ಕೇ ಒಂದು ಚುಕ್ಕಿಯಿಂದ ಹೊರಟ್ರೆ ಸುತ್ತಿ ಬರೋವರೆಗೂ ನಿಲ್ಸಲ್ಲ, ಇಡೀ ತೋಳು ಹೋಗುತ್ತೆ. ಹಾಗೇ ಎಳೀಬೇಕು. 4ಬಿ ಇಲ್ಲಾ 6ಬಿ ಥರದ ಮೆತ್ತನೆ ಪೆನ್ಸಿಲ್ ತಗೊಂಡು ಅಂಗೈ ಅಡಿಗೆ ಮಲಗಿಸಿ ಹಿಡ್ಕೋ, ಸಾಧ್ಯ ಆದ್ರೆ ನಿಂತ್ಕೊಂಡು ಬಿಡಿಸು, ಭುಜದಿಂದ ಕೈ ಆಡ್ಲಿ. ರಬ್ಬರನ್ನ ಮನೇಲೇ ಬಿಟ್ಟು ಹೋಗು. ಗೆರೆ ತಪ್ಪಿದ್ರೆ ಪಕ್ಕದಲ್ಲೇ ಇನ್ನೊಂದು ಎಳಿ, ತಪ್ಪಿದ್ದೂ ಅಲ್ಲೇ ಇರ್ಲಿ.

ಮತ್ತೆ ಆ ದುಬಾರಿ ಸ್ಕೆಚ್‌ಬುಕ್ ಎತ್ತಿಡು. ಹಾಳೆ ಕೆಡುತ್ತೆ ಅನ್ನೋ ಭಯಕ್ಕೇ ಕೈ ಬಿಗಿಯಾಗುತ್ತೆ. ಅವೆನ್ಯೂ ರೋಡ್ ಕಡೆ ಪೇಪರ್ ಅಂಗಡೀಲಿ ನ್ಯೂಸ್‌ಪ್ರಿಂಟ್, ಅಂದ್ರೆ ಪತ್ರಿಕೆ ಅಚ್ಚು ಹಾಕೋ ಥರದ ಅಗ್ಗದ ಖಾಲಿ ಹಾಳೆ, ಕೇಳಿ ಒಂದು ಕಟ್ಟು ತಗೋ, ಬೋರ್ಡಿಗೆ ಕ್ಲಿಪ್ ಹಾಕ್ಕೊಂಡು ಲೆಕ್ಕ ಇಡದೆ ಬಿಡಿಸು.

ಕ್ಲಾಸ್ ಇಲ್ದಿರೋ ದಿನ ಬೆಳಿಗ್ಗೆ ಕೆ.ಆರ್. ಮಾರ್ಕೆಟ್ಟಿಗೆ ಹೋಗು. ಮೂಟೆ ಹೊತ್ತು ಬರೋರ ಬೆನ್ನು ನೋಡು. ಯಾರನ್ನೂ ದಿಟ್ಟಿಸಿ ಮುಜುಗರ ಮಾಡ್ಬೇಡ, ಹೆಣ್ಣುಮಕ್ಕಳ ವಿಷಯದಲ್ಲಂತೂ ಜೋಪಾನ, ಕೇಳಿದ್ರೆ ಹಾಳೆ ತಿರುಗಿಸಿ ತೋರಿಸು. ಮನೇಲಿದ್ರೆ ಕಬಡ್ಡಿ ಮ್ಯಾಚ್ ಹಾಕ್ಕೊಂಡು ನಿಲ್ಸಿ ನಿಲ್ಸಿ ನೋಡು, ರೇಡರ್ ಬೋನಸ್ ಲೈನಿಗೆ ಕಾಲು ಚಾಚಿದಾಗ ಹಿಂದಿನ ಕಾಲಿಂದ ತಲೆವರೆಗೂ ಎಂಥಾ ಗೆರೆ ಬರುತ್ತೆ ಅಂತೀಯ!

ಒಬ್ಬರ ಹೆಸ್ರು ಹೇಳ್ಲೇಬೇಕು, ಕೆ.ಕೆ. ಹೆಬ್ಬಾರ್. ಉಡುಪಿ ಹತ್ರದ ಕಟ್ಟಿಂಗೇರಿಯೋರು, 1911ರಲ್ಲಿ ಹುಟ್ಟಿದೋರು. ಲಯ ಅಂದ್ರೇನು ಅಂತ ತಿಳ್ಕೊಳ್ಳೋಕೆ ಅಷ್ಟು ದೊಡ್ಡ ಕಲಾವಿದರು ಕಥಕ್ ನೃತ್ಯಾನೇ ಕಲ್ತ್ರು. ಅವರ ರೇಖಾಚಿತ್ರ ಹುಡುಕಿ ನೋಡು, ಕೆಲವೇ ಗೆರೇಲಿ ಕುಣಿಯೋ ಮೈ ಎದ್ದು ನಿಲ್ಲುತ್ತೆ. ನೀನೂ ಕ್ಲಾಸಿಗೆ ಮುಂಚೆ ಮಾಡೆಲ್ ನಿಂತ ಹಾಗೆ ಒಂದ್ಸಲ ನಿಂತು ನೋಡು, ಯಾವ ಮಂಡಿ ನೋಯುತ್ತೋ ಭಾರ ಅಲ್ಲೇ ಇರೋದು.

ಪಕ್ಕದಲ್ಲಿ ಕೂತೋರ ಹಾಳೆ ನೋಡೋದು ಬಿಡು ಪುಟ್ಟಾ. ಇರೋ 30 ಸೆಕೆಂಡಲ್ಲಿ 20 ಆದ್ರೂ ಮಾಡೆಲ್ ಮೇಲೆ ಕಣ್ಣಿರ್ಲಿ.

ಗೌರಿ ಹಬ್ಬಕ್ಕೆ ಬರ್ತೀಯಲ್ಲ, ಒಂದು ದಿನ ಜಾಸ್ತಿ ರಜೆ ಹಾಕು. ಬೆಳಿಗ್ಗೆ ಮೊದಲನೇ ಬಸ್ಸಿಗೇ ಬೇಲೂರಿಗೆ ಹೋಗೋಣ. 1117ರಲ್ಲಿ ಪ್ರತಿಷ್ಠೆ ಆದ ದೇವಸ್ಥಾನ ಅದು, ಸೂರಿನ ಕೆಳಗಿರೋ ಮದನಿಕೆಯರನ್ನ ಚಿಕ್ಕೋನಿದ್ದಾಗ ಕತ್ತು ನೋಯುತ್ತೆ ಅಂತ ನೀನು ನೋಡ್ಲೇ ಇಲ್ಲ. ತ್ರಿಭಂಗಿ ಅಂತಾರಲ್ಲ, ಕತ್ತು ಒಂದು ಕಡೆ, ನಡು ಇನ್ನೊಂದು ಕಡೆ, ಮಂಡಿ ಮತ್ತೊಂದು ಕಡೆ, ಆ ಒಡವೆಗಳನ್ನೆಲ್ಲ ಬಿಟ್ಟು ಬರೀ ಆ ಬಳುಕು ಮಾತ್ರ ಬಿಡಿಸೋಣ, ಒಬ್ಬೊಬ್ಬಳಿಗೆ 1 ನಿಮಿಷ, ನಾನೇ ವಾಚ್ ಹಿಡೀತೀನಿ. ನ್ಯೂಸ್‌ಪ್ರಿಂಟ್ ತರೋದು ಮರೀಬೇಡ, ನಂಗೂ ಸೇರ್ಸಿ ತಾ. ಆ ಒಂಬತ್ತನೇ ಹಾಳೆನೂ ತಗೊಂಡ್ ಬಾ, ನನ್ ಹತ್ರ ಇಟ್ಕೋತೀನಿ.

ನಿನ್ನ
ಅತ್ತೆ