ಜೊತೆಗಾರರನ್ನು ಬಾಗಿಲಾಚೆ ನಿಲ್ಲಿಸಬೇಡಿ: ಆರೋಗ್ಯ ಸಚಿವರಿಗೆ ಒಂದು ಬಹಿರಂಗ ಪತ್ರ

ಸನ್ಮಾನ್ಯ ಆರೋಗ್ಯ ಸಚಿವರಿಗೆ,

ಸವಿನಯ ನಮಸ್ಕಾರಗಳು.

ನನ್ನ ಪತ್ನಿಗೆ ಸ್ತನ ಕ್ಯಾನ್ಸರ್ ಇದೆಯೆಂದು ತಿಳಿದು ಆರು ತಿಂಗಳು ಕಳೆದಿವೆ. ಈ ಅವಧಿಯಲ್ಲಿ ತಮ್ಮ ಇಲಾಖೆಗೆ ಎರಡು ಬಾರಿ ಲಿಖಿತ ಮನವಿ ಸಲ್ಲಿಸಿದ್ದೇನೆ. ಎರಡಕ್ಕೂ ನೋಂದಣಿ ಸಂಖ್ಯೆ ಬಂತೇ ಹೊರತು ಉತ್ತರ ಬರಲಿಲ್ಲ. ನಾಳೆ ಮತ್ತೆ ಅದೇ ಬಾಗಿಲಿಗೆ ಹೋಗಬೇಕಾದವರು ನಾವು ಎಂಬ ಅಳುಕಿನಿಂದ ಬಹಿರಂಗವಾಗಿ ಬರೆಯಲು ಇಷ್ಟು ದಿನ ಹಿಂಜರಿದೆ. ಇನ್ನು ಹಿಂಜರಿಯಲಾರೆ. ನಾನು ಕೇಳುತ್ತಿರುವುದು ಎರಡೇ ಸಂಗತಿ. ಕ್ಯಾನ್ಸರ್ ರೋಗಿಯ ರಕ್ತಪರೀಕ್ಷೆ, ವೈದ್ಯರ ಭೇಟಿ ಮತ್ತು ಕೀಮೋ ಒಂದೇ ದಿನಕ್ಕೆ ಬರುವಂತೆ ಮಾಡಿ. ರೋಗಿಯ ಜೊತೆಗಾರರನ್ನು, ಹಗಲಾಗಲಿ ರಾತ್ರಿಯಾಗಲಿ, ಒಳಗೆ ಬಿಡಿ.

ಮೊದಲ ದಿನದಿಂದಲೂ ನಾನೊಂದು ನೋಟ್‌ಬುಕ್ ಇಟ್ಟಿದ್ದೇನೆ. ಅದರ ಪ್ರಕಾರ ಇದುವರೆಗೆ ನಾವಿಬ್ಬರೂ 43 ಬಾರಿ ಆಸ್ಪತ್ರೆಗೆ ಹೋಗಿ ಬಂದಿದ್ದೇವೆ. ಡಾಕ್ಸೊರುಬಿಸಿನ್ ಮತ್ತು ಸೈಕ್ಲೋಫಾಸ್ಫಮೈಡ್ ಎಂಬ ಔಷಧಿಗಳು ಸೇರಿದ ಕೀಮೋ ಮೂರು ವಾರಗಳಿಗೊಮ್ಮೆಯಂತೆ ನಾಲ್ಕು ಸಲ ಆಯಿತು. ಪ್ರತಿ ಸಲವೂ ರಕ್ತ ಕೊಡಲು ಒಂದು ದಿನ, ಆ ವರದಿ ಹಿಡಿದು ವೈದ್ಯರನ್ನು ಕಾಣಲು ಇನ್ನೊಂದು ದಿನ, ಡ್ರಿಪ್ ಹಾಕಿಸಿಕೊಳ್ಳಲು ಮತ್ತೊಂದು ದಿನ, ಅದರ ಮರುದಿನ ಸೋಂಕಿನೊಡನೆ ಹೋರಾಡುವ ಬಿಳಿ ರಕ್ತಕಣಗಳು ಬೇಗ ಚೇತರಿಸಿಕೊಳ್ಳಲೆಂದು ಕೊಡುವ ಚುಚ್ಚುಮದ್ದಿಗೆ ಇನ್ನೊಮ್ಮೆ, ಹೀಗೆ ಒಟ್ಟು 16 ಓಡಾಟ. ಆಮೇಲೆ ವಾರಕ್ಕೊಂದರಂತೆ ಪ್ಯಾಕ್ಲಿಟ್ಯಾಕ್ಸೆಲ್ ಎಂಬ ಇನ್ನೊಂದು ಕೀಮೋ ಔಷಧಿ ಶುರುವಾಗಿ ಎಂಟು ವಾರಗಳಾಗಿವೆ. ರಕ್ತಕ್ಕೊಂದು ದಿನ, ಡ್ರಿಪ್ಪಿಗೊಂದು ದಿನವೆಂದು ಅಲ್ಲಿಯೂ 16. ಉಳಿದ 11 ಬಯಾಪ್ಸಿ, ಸ್ಕ್ಯಾನ್, ಹೃದಯದ ಎಕೋ ಮುಂತಾದವುಗಳಿಗೆ. ಮೊದಲ ಎರಡು ಲೆಕ್ಕಗಳಲ್ಲಿಯೇ, ಒಂದೊಂದರಲ್ಲೂ ಎಂಟರಂತೆ, 16 ಓಡಾಟಗಳನ್ನು ಉಳಿಸಬಹುದಾಗಿತ್ತು, ಏಕೆಂದರೆ ರಕ್ತಕಣಗಳ ಎಣಿಕೆಯನ್ನು ಯಂತ್ರವೇ ಮಾಡುತ್ತದೆ ಮತ್ತು ಅದಕ್ಕೆ ಬೇಕಾಗುವುದು ಕೆಲವೇ ನಿಮಿಷ. ಬೆಳಿಗ್ಗೆ ರಕ್ತ ತೆಗೆದು, ವರದಿ ನೋಡಿ, ಅದೇ ದಿನ ಮಧ್ಯಾಹ್ನದೊಳಗೆ ಡ್ರಿಪ್ ಹಾಕುವ ಪದ್ಧತಿ ಜಗತ್ತಿನ ಎಷ್ಟೋ ಆಸ್ಪತ್ರೆಗಳಲ್ಲಿ ಇದೆಯೆಂಬುದು ತಮಗೂ ತಮ್ಮ ಅಧಿಕಾರಿಗಳಿಗೂ ಗೊತ್ತಿರುವ ವಿಷಯವೇ.

ಒಂದು ಓಡಾಟವೆಂದರೆ ಏನೆಂಬುದನ್ನು ಹೊರಗಿನವರು ಊಹಿಸಲಾರರು. ಈ ಮೊದಲಾಗಿದ್ದರೆ ನಾನೂ ಊಹಿಸುತ್ತಿರಲಿಲ್ಲ. ಪ್ಯಾಕ್ಲಿಟ್ಯಾಕ್ಸೆಲ್‌ನಿಂದ ಅವಳ ಬೆರಳ ತುದಿಗಳು ಮರಗಟ್ಟಿವೆ. ಗುಂಡಿ ಹಾಕಿಕೊಳ್ಳಲು, ಲೋಟ ಹಿಡಿಯಲು ಆಗುವುದಿಲ್ಲ, ಮೆಟ್ಟಿಲಿನ ಮೇಲೆ ಪಾದ ಎಲ್ಲಿ ಊರಿದೆಯೆಂದು ತಿಳಿಯುವುದಿಲ್ಲ. ಡ್ರಿಪ್ಪಿನ ಜೊತೆಗೆ ಕೊಡುವ ಸ್ಟೀರಾಯ್ಡಿನಿಂದ ಆ ರಾತ್ರಿ ನಿದ್ದೆಯಿಲ್ಲ, ಅದರ ಪ್ರಭಾವ ಇಳಿದ ಮೇಲೆ ಹಾಸಿಗೆಯಿಂದ ಏಳುವ ಶಕ್ತಿಯಿಲ್ಲ. ಇಂಥವಳನ್ನು ಎಬ್ಬಿಸಿ, ಸಿದ್ಧಮಾಡಿ, ಕರೆದೊಯ್ದು, ಕೆಮ್ಮುವವರ ಸೀನುವವರ ನಡುವೆ ಸರದಿಯಲ್ಲಿ ಕೂರಿಸಿ, ಎರಡು ಚಮಚದಷ್ಟೂ ಇಲ್ಲದ ರಕ್ತ ಕೊಡಿಸಿ, ಮನೆಗೆ ತಂದು ಮಲಗಿಸಿ, ಒಂದೆರಡು ದಿನದಲ್ಲಿ ಮತ್ತೆ ಅದನ್ನೇ ಮಾಡಬೇಕು. ಆರನೆಯ ವಾರ ಕೊಟ್ಟ ರಕ್ತದ ವರದಿ ಒಂದು ಕಟ್ಟಡದಿಂದ ಪಕ್ಕದ ಕಟ್ಟಡಕ್ಕೆ ಬಂದಿರಲಿಲ್ಲವೆಂಬ ಕಾರಣಕ್ಕೆ ಡ್ರಿಪ್ ಹಾಕದೆ ನಮ್ಮನ್ನು ವಾಪಸು ಕಳಿಸಿದರು. ಅಂದು ಅವಳು ಅತ್ತಳು. ಸೂಜಿಗೆ ಅಳದವಳು, ಕೂದಲು ಉದುರಿದಾಗಲೂ ಅಳದವಳು, ಅಂದು ಅತ್ತಳು.

ಆದರೆ ಈ ಪತ್ರ ಬರೆಸಿದ್ದು ಆ ಅಳುವಲ್ಲ. ಎರಡನೆಯ ಕೀಮೋ ಆದ ಹತ್ತನೆಯ ದಿನದ ರಾತ್ರಿ ಬರೆಸಿತು.

ಡಾಕ್ಸೊರುಬಿಸಿನ್ ಕೀಮೋ ಆದ ಏಳರಿಂದ ಹದಿನಾಲ್ಕು ದಿನಗಳ ನಡುವೆ ಬಿಳಿ ರಕ್ತಕಣಗಳು ತೀರಾ ಕೆಳಗಿಳಿಯುತ್ತವೆ, ಆಗ ಜ್ವರ 38 ಡಿಗ್ರಿ ಸೆಲ್ಸಿಯಸ್ ದಾಟಿದರೆ ಬೆಳಗಾಗುವುದನ್ನು ಕಾಯದೆ ಬನ್ನಿ ಎಂದು ಆಸ್ಪತ್ರೆಯೇ ನಮಗೆ ಹೇಳಿ ಕಳಿಸಿತ್ತು. ಅಂದು ರಾತ್ರಿ ಒಂದೂಕಾಲಕ್ಕೆ ಅವಳ ಮೈ ಮುಟ್ಟಿ ನೋಡಿದೆ, ಥರ್ಮಾಮೀಟರ್ 38.4 ತೋರಿಸಿತು. ಒಂದೂಮುಕ್ಕಾಲಕ್ಕೆ ತುರ್ತು ಚಿಕಿತ್ಸಾ ಘಟಕದ ಮುಂದಿದ್ದೆವು. ರಾತ್ರಿ ಒಂಬತ್ತರ ನಂತರ ಜೊತೆಗಾರರಿಗೆ ಪ್ರವೇಶವಿಲ್ಲವೆಂದು ಕಾವಲುಗಾರ ನನ್ನನ್ನು ತಡೆದು, ಗಾಲಿಕುರ್ಚಿಯಲ್ಲಿ ಅವಳನ್ನು ಮಾತ್ರ ಒಳಗೆ ಕಳಿಸಿದ. ಅವಳ ಚಿಕಿತ್ಸೆಯ ಫೈಲು, ಔಷಧಿಗಳ ಪಟ್ಟಿ, ಹಿಂದಿನ ರಕ್ತದ ವರದಿ ಎಲ್ಲವೂ ನನ್ನ ಕೈಚೀಲದಲ್ಲೇ ಉಳಿದವು. ಕೀಮೋ ಆಗಿ ಹತ್ತು ದಿನವಾಗಿದೆ, ಈ ಒಂದು ಹಾಳೆಯನ್ನಾದರೂ ಒಳಗೆ ತಲುಪಿಸಿ ಎಂದು ಬೇಡಿಕೊಂಡೆ. ಬಾಗಿಲು ಬಿಟ್ಟು ಹೋಗುವ ಅಧಿಕಾರ ತನಗಿಲ್ಲವೆಂದ. ಅವನು ಹೇಳಿದ್ದು ನಿಜವೇ ಇರಬೇಕು. ಅವನ ಮೇಲೆ ನನಗೆ ಸಿಟ್ಟಿಲ್ಲ, ಆ ನಿಯಮ ಬರೆದವರ ಮೇಲಿದೆ.

ಒಳಗೆ ನಡುಗುತ್ತ ಮಲಗಿದ್ದವಳನ್ನು ಯಾವ ಔಷಧಿ ತೆಗೆದುಕೊಳ್ಳುತ್ತಿದ್ದೀರಿ ಎಂದು ಕೇಳಿದ್ದಾರೆ. ಡಾಕ್ಸೊರುಬಿಸಿನ್ ನೋಡಲು ಕೆಂಪಗಿರುತ್ತದೆ. ಅವಳ ಬಾಯಿಂದ ಬಂದದ್ದು ಕೆಂಪು ಔಷಧಿ ಎಂಬ ಮಾತಷ್ಟೆ. ಅದು ಯಾರಿಗೂ ಅರ್ಥವಾಗಲಿಲ್ಲ. ಸಾಮಾನ್ಯ ಜ್ವರವೆಂದು ಬರೆದುಕೊಂಡು, ಪ್ಯಾರಾಸಿಟಮಾಲ್ ಕೊಟ್ಟು, ಗೋಡೆಬದಿಯ ಬೆಂಚಿನ ಮೇಲೆ ಮಲಗಿಸಿದರು. ಸುಮಾರು ನಾಲ್ಕು ಗಂಟೆಗೆ ಯಾವುದೋ ಕೆಲಸಕ್ಕೆ ಹೊರಬಂದ ಸಿಸ್ಟರ್ ಒಬ್ಬರ ಕೈಗೆ ನಾನು ಆ ಹಾಳೆಯನ್ನು ಬಲವಂತವಾಗಿ ಇಟ್ಟೆ. ಅವರು ಅದನ್ನು ಓದಿದವರೇ ಒಳಗೆ ಓಡಿದರು. ಆ ತಾಯಿಗೆ ನಾನು ಬದುಕಿರುವವರೆಗೂ ಋಣಿ. ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳ ಎಣಿಕೆ ಮೈಕ್ರೋಲೀಟರಿಗೆ 200 ಬಂತು. 500ಕ್ಕಿಂತ ಕೆಳಗಿಳಿದರೆ ಅಪಾಯವೆಂದು ಎಣಿಸುತ್ತಾರೆ. ಆ್ಯಂಟಿಬಯಾಟಿಕ್ ಡ್ರಿಪ್ ಶುರುವಾದಾಗ ನಾಲ್ಕು ಮುಕ್ಕಾಲು. ಕೀಮೋ ನಡೆಯುತ್ತಿರುವವರಿಗೆ ಇಂಥ ಜ್ವರ ಬಂದರೆ ಒಂದು ಗಂಟೆಯೊಳಗೆ ಆ್ಯಂಟಿಬಯಾಟಿಕ್ ಕೊಡಬೇಕೆಂಬ ವೈದ್ಯಕೀಯ ಮಾರ್ಗಸೂಚಿಯನ್ನು ಆರೋಗ್ಯ ಖಾತೆ ಹೊತ್ತ ತಮಗೆ ನಾನು ನೆನಪಿಸಬೇಕಾಗಿಲ್ಲ. ನನ್ನ ಪತ್ನಿಗೆ ಅದು ಸಿಕ್ಕಿದ್ದು ಮೂರು ಗಂಟೆಯ ಮೇಲೆ. ಸೋಂಕು ರಕ್ತಕ್ಕೆ ಹರಡಿದ್ದರೆ ಆ ಮೂರು ಗಂಟೆಗಳಲ್ಲಿ ಅವಳು ಹೋಗಿಬಿಡಬಹುದಾಗಿತ್ತು. ನಾನು ಬಾಗಿಲ ಹೊರಗೆ, ಅವಳ ಪ್ರಾಣ ಉಳಿಸಬಹುದಾದ ಕಾಗದವನ್ನು ಹಿಡಿದು ನಿಂತೇ ಇರುತ್ತಿದ್ದೆ.

ಆರು ದಿನ ಒಳರೋಗಿಯಾಗಿದ್ದು ಮನೆಗೆ ಬಂದ ಮೇಲೆ ಅವಳು ಕೇಳಿದ ಮೊದಲ ಪ್ರಶ್ನೆ, "ನಿಮ್ಮನ್ನು ಯಾಕೆ ಒಳಗೆ ಬಿಡಲಿಲ್ಲ? ನಾನು ಅವರಿಗೆ ಏನು ಹೇಳಿದೆನೋ ನನಗೇ ಗೊತ್ತಿಲ್ಲ." ಈ ಪ್ರಶ್ನೆಗೆ ನನ್ನ ಬಳಿ ಉತ್ತರವಿಲ್ಲ. ತಾವು ಉತ್ತರಿಸಬೇಕು.

ಹೊರರೋಗಿ ವಿಭಾಗದಲ್ಲಿಯೂ ಇದೇ ಕಥೆ. ವೈದ್ಯರ ಕೋಣೆಗೆ ರೋಗಿ ಮಾತ್ರ, ಜೊತೆಗಾರರು ಹೊರಗೆ. ಕೀಮೋ ಪಡೆಯುವ ಹಲವರಲ್ಲಿ ನೆನಪು ಮಂಕಾಗುತ್ತದೆ, ಗಮನ ನಿಲ್ಲುವುದಿಲ್ಲ. ಇದು ವೈದ್ಯರೇ ಹೇಳುವ ಮಾತು. ಹೊರಗೆ ಬಂದವಳನ್ನು ಏನು ಹೇಳಿದರೆಂದು ಕೇಳಿದರೆ, ಏನೋ ಒಂದು ಮಾತ್ರೆ ನಿಲ್ಲಿಸಲು ಹೇಳಿದರು, ಯಾವುದೆಂದು ನೆನಪಾಗುತ್ತಿಲ್ಲ ಎನ್ನುತ್ತಾಳೆ. ಮಾತ್ರೆಗಳನ್ನು ಹೊತ್ತುಹೊತ್ತಿಗೆ ಎಣಿಸಿ ಕೊಡುವವನು ನಾನು, ಜ್ವರ ನೋಡುವವನು ನಾನು, ವಾಂತಿ ಎಷ್ಟು ಬಾರಿಯಾಯಿತು, ಬಾಯಲ್ಲಿ ಹುಣ್ಣು ಯಾವಾಗ ಬಂತು ಎಂದು ಬರೆದಿಡುವವನು ನಾನು. ಈ ವಿವರಗಳು ವೈದ್ಯರಿಗೆ ಬೇಡವೇ? ಜೊತೆಗಾರರನ್ನು ಒಳಗೆ ಬಿಡಿ ಎಂದು ನಾನು ಕೇಳುತ್ತಿರುವುದು ನನ್ನ ಸಮಾಧಾನಕ್ಕಾಗಿ ಅಲ್ಲ, ಅವಳ ಚಿಕಿತ್ಸೆಗಾಗಿ.

ನನ್ನ ಉದ್ಯೋಗದ ವಿಷಯವನ್ನು ಸಂಕ್ಷಿಪ್ತವಾಗಿ ಹೇಳುತ್ತೇನೆ. ನನ್ನ ರಜೆಗಳೆಲ್ಲ ನಾಲ್ಕನೆಯ ತಿಂಗಳಲ್ಲೇ ಮುಗಿದವು. ಕಾಯಿಲೆ ನಿಮಗಲ್ಲವಲ್ಲ ಎಂದು ಕಚೇರಿಯಲ್ಲಿ ಕೇಳಿದರು. ಆರೈಕೆಯ ಅಗತ್ಯವಿರುವ ಕುಟುಂಬದವರ ಹೊಣೆ ಹೊತ್ತ ಕೆಲಸಗಾರರ ಬಗ್ಗೆ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 1981ರಲ್ಲಿಯೇ 156ನೆಯ ಒಡಂಬಡಿಕೆಯನ್ನು ಅಂಗೀಕರಿಸಿತು. ಅದು ಕಾರ್ಮಿಕ ಖಾತೆಯ ವಿಷಯವೆಂದು ತಾವು ಹೇಳಬಹುದು, ಒಪ್ಪುತ್ತೇನೆ. ಆದರೆ ನನ್ನ ರಜೆಯನ್ನು ನುಂಗಿದ ಆ 16 ಅನಗತ್ಯ ಓಡಾಟಗಳು ತಮ್ಮ ಖಾತೆಯವೇ.

ಇದಕ್ಕೆ ಹಣವಿಲ್ಲ, ಸಿಬ್ಬಂದಿಯಿಲ್ಲ ಎಂಬ ಉತ್ತರ ಬರುವುದನ್ನು ನಾನು ನಿರೀಕ್ಷಿಸುತ್ತೇನೆ. 1990ರಲ್ಲಿ ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ ಹ್ಯಾರಲ್ಡ್ ಫ್ರೀಮನ್ ಎಂಬ ಶಸ್ತ್ರವೈದ್ಯರು ಬಡ ರೋಗಿಗಳಿಗಾಗಿ ಒಂದು ಏರ್ಪಾಡು ಮಾಡಿದರು. ಸ್ತನದಲ್ಲಿ ಗಂಟು ಇದೆಯೆಂದು ಅನುಮಾನವಾದ ಕ್ಷಣದಿಂದ ರೋಗಿಯ ಜೊತೆಗಿದ್ದು, ಯಾವ ಪರೀಕ್ಷೆ ಯಾವಾಗ, ಯಾವ ಕಾಗದ ಎಲ್ಲಿ ಎಂದು ನೋಡಿಕೊಂಡು, ಚಿಕಿತ್ಸೆಯವರೆಗೆ ದಾರಿ ಬಿಡಿಸುವ ಒಬ್ಬ ಸಹಾಯಕರನ್ನು ನೇಮಿಸಿದರು. ಆ ಕೆಲಸಕ್ಕೆ ದೊಡ್ಡ ಯಂತ್ರಗಳೇನೂ ಬೇಕಾಗಿರಲಿಲ್ಲ. ಅಂಥವರೊಬ್ಬರು ಪ್ರತಿ ಕ್ಯಾನ್ಸರ್ ವಿಭಾಗದಲ್ಲಿದ್ದರೆ ದಿನಾಂಕಗಳನ್ನು ಹೊಂದಿಸುವುದು ಕಷ್ಟವೇನಲ್ಲ. ಜೊತೆಗಾರರನ್ನು ಒಳಗೆ ಬಿಡಲಂತೂ ಹಣವೇ ಬೇಡ, ತಮ್ಮದೊಂದು ಸಹಿ ಸಾಕು.

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಐವರಲ್ಲಿ ಒಬ್ಬರಿಗೆ ಬದುಕಿನಲ್ಲಿ ಎಂದಾದರೂ ಕ್ಯಾನ್ಸರ್ ಬರುತ್ತದೆ. 2022ರ ಒಂದೇ ವರ್ಷದಲ್ಲಿ ಜಗತ್ತಿನಲ್ಲಿ ಸುಮಾರು 2 ಕೋಟಿ ಜನರಲ್ಲಿ ಅದು ಹೊಸದಾಗಿ ಪತ್ತೆಯಾಯಿತು. ಅವರಲ್ಲಿ ಎಷ್ಟೋ ಜನರ ಪಕ್ಕದಲ್ಲಿ ಒಬ್ಬ ಗಂಡ, ಒಬ್ಬ ಹೆಂಡತಿ, ಒಬ್ಬ ಮಗಳು ಕೈಚೀಲ ಹಿಡಿದು ನಿಂತಿರುತ್ತಾರೆ. ಅವರಿಗೆ ಒಂದು ಗುರುತುಪತ್ರ ಕೊಡಿ. ಅದನ್ನು ತೋರಿಸಿದರೆ ತುರ್ತು ಘಟಕವಾಗಲಿ, ವೈದ್ಯರ ಕೋಣೆಯಾಗಲಿ, ಡ್ರಿಪ್ ಹಾಕುವ ಕೊಠಡಿಯಾಗಲಿ, ಒಳಗೆ ಬಿಡಬೇಕೆಂದು ಆದೇಶಿಸಿ. ಕೀಮೋ ನಡೆಯುತ್ತಿರುವ ರೋಗಿ ಜ್ವರದಿಂದ ಬಂದರೆ ಯಾವ ಸರದಿಯಲ್ಲೂ ಕಾಯಿಸಬಾರದೆಂದು ಆ ಪತ್ರದ ಮೇಲೆಯೇ ಮುದ್ರಿಸಿ. ರಕ್ತಪರೀಕ್ಷೆ, ವೈದ್ಯರ ಭೇಟಿ, ಕೀಮೋ ಮೂರನ್ನೂ ಒಂದೇ ದಿನಕ್ಕೆ ತನ್ನಿ. ಮೂರನೆಯ ಬಾರಿ ಕೇಳುತ್ತಿದ್ದೇನೆ, ಈ ಬಾರಿ ಎಲ್ಲರೆದುರು ಕೇಳುತ್ತಿದ್ದೇನೆ. ನನ್ನ ಮಾತಿನಲ್ಲಿ ಒರಟುತನ ಕಂಡಿದ್ದರೆ ಕ್ಷಮೆಯಿರಲಿ. ಬೇಡಿಕೆಯನ್ನು ಮಾತ್ರ ಹಿಂದಕ್ಕೆ ತೆಗೆದುಕೊಳ್ಳಲಾರೆ.

ನಮಗಿನ್ನೂ ನಾಲ್ಕು ವಾರಗಳ ಡ್ರಿಪ್, ಆಮೇಲೆ ಶಸ್ತ್ರಚಿಕಿತ್ಸೆ, ಅದಾದ ಮೇಲೆ ವಾರಕ್ಕೆ ಐದು ದಿನದಂತೆ ರೇಡಿಯೇಷನ್ ಬಾಕಿಯಿದೆ. ಒಂಬತ್ತನೆಯ ವಾರದ ರಕ್ತಪರೀಕ್ಷೆ ಬರುವ ಸೋಮವಾರ, ಡ್ರಿಪ್ ಬುಧವಾರ. ಎರಡೂ ದಿನ ನಾನು ಅದೇ ಬಾಗಿಲ ಹೊರಗೆ, ಅದೇ ಕೈಚೀಲ ಹಿಡಿದು ನಿಂತಿರುತ್ತೇನೆ. ತಮ್ಮ ಉತ್ತರವನ್ನು ಅಲ್ಲಿಗೇ ಕಳಿಸಬಹುದು.

ಇಂತಿ ತಮ್ಮ ವಿಶ್ವಾಸಿ,
ಕ್ಯಾನ್ಸರ್ ಚಿಕಿತ್ಸೆಯಲ್ಲಿರುವ ರೋಗಿಯೊಬ್ಬರ ಪತಿ