ಪ್ರಸಾರ ನಿಯಂತ್ರಣಕ್ಕೆ ಸ್ವತಂತ್ರ ಪ್ರಾಧಿಕಾರ ಬೇಕು

ಮಾನ್ಯ ಸಂಪಾದಕರೇ,

ಪ್ರಸಾರ ತರಂಗಗಳು ಸಾರ್ವಜನಿಕ ಆಸ್ತಿ, ಅವುಗಳ ಬಳಕೆಯನ್ನು ನಿಯಂತ್ರಿಸಲು ಸಮಾಜದ ಎಲ್ಲ ವರ್ಗಗಳನ್ನೂ ಪ್ರತಿನಿಧಿಸುವ ಸ್ವತಂತ್ರ ಪ್ರಾಧಿಕಾರವೊಂದನ್ನು ಕೇಂದ್ರ ಸರ್ಕಾರ ಕೂಡಲೇ ರಚಿಸಬೇಕು ಎಂದು ಬಂಗಾಳ ಕ್ರಿಕೆಟ್ ಸಂಸ್ಥೆಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು 1995ರ ಫೆಬ್ರುವರಿಯಲ್ಲಿ. ಮೂರು ದಶಕ ಕಳೆದರೂ ಆ ಪ್ರಾಧಿಕಾರ ಬಂದಿಲ್ಲ. 1997ರಲ್ಲಿ ಸಂಸತ್ತಿನಲ್ಲಿ ಮಂಡನೆಯಾದ ಪ್ರಸಾರ ಮಸೂದೆ ಬಿದ್ದುಹೋಯಿತು. 2023ರ ನವೆಂಬರ್‌ನಲ್ಲಿ ಪ್ರಕಟವಾದ ಹೊಸ ಕರಡು ಕೂಡ ಕೊನೆಯ ಮಾತನ್ನು ಸರ್ಕಾರಕ್ಕೇ ಬಿಟ್ಟುಕೊಟ್ಟಿತ್ತು. ವಾಹಿನಿಗೆ ಅನುಮತಿ ಕೊಡುವುದೂ ಅದನ್ನು ನವೀಕರಿಸುವುದೂ ಇಂದಿಗೂ ವಾರ್ತಾ ಮತ್ತು ಪ್ರಸಾರ ಸಚಿವಾಲಯದ ಕೈಯಲ್ಲೇ ಇದೆ.

ಇದರ ಅಪಾಯ ಏನೆಂಬುದನ್ನು ಮಲಯಾಳದ ಮೀಡಿಯಾ ಒನ್ ವಾಹಿನಿಯ ಪ್ರಕರಣ ತೋರಿಸಿದೆ. 2022ರಲ್ಲಿ ಅದರ ಪರವಾನಗಿ ನವೀಕರಣವನ್ನು ನಿರಾಕರಿಸಿದ ಸರ್ಕಾರ, ಕಾರಣವನ್ನು ಮುಚ್ಚಿದ ಲಕೋಟೆಯಲ್ಲಿ ನ್ಯಾಯಾಲಯಕ್ಕೆ ಮಾತ್ರ ಸಲ್ಲಿಸಿತು. ತನ್ನ ಮೇಲಿನ ಆರೋಪವೇನೆಂದು ತಿಳಿಯದೆಯೇ ವಾಹಿನಿ ವಾದಿಸಬೇಕಾಯಿತು. 2023ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಆ ಆದೇಶವನ್ನು ರದ್ದುಪಡಿಸಿತು, ನಿಜ; ಆದರೆ ಎಲ್ಲ ವಾಹಿನಿಗಳಿಗೂ ದೆಹಲಿಯವರೆಗೆ ಹೋರಾಡುವ ಶಕ್ತಿ ಇರುವುದಿಲ್ಲ.

ಹಾಗೆಂದು ನಿಯಂತ್ರಣವೇ ಬೇಡ ಎನ್ನಲಾಗದು. ಅಪಘಾತದ ದೃಶ್ಯಕ್ಕೆ ಕೆಂಪು ವೃತ್ತ ಎಳೆದು, ಅಬ್ಬರದ ಹಿನ್ನೆಲೆ ಸಂಗೀತ ಸೇರಿಸಿ, ಅದೇ ತುಣುಕನ್ನು ಸಂಜೆಯಿಡೀ ತಿರುಗಿಸುವ ಕನ್ನಡ ಸುದ್ದಿವಾಹಿನಿಗಳನ್ನು ನೋಡಿದ ಯಾರೂ ಹಾಗೆ ಹೇಳಲಾರರು. ಸತ್ತವರ ಮನೆಯವರೂ ಅದನ್ನೇ ನೋಡುತ್ತಿರುತ್ತಾರೆ ಎಂಬ ಅರಿವು ಸಂಪಾದಕೀಯ ವಿಭಾಗಕ್ಕೆ ಇರಬೇಡವೇ? ಸುದ್ದಿವಾಹಿನಿಗಳ ಸ್ವನಿಯಂತ್ರಣ ವ್ಯವಸ್ಥೆ ವಿಧಿಸುವ ಒಂದು ಲಕ್ಷ ರೂಪಾಯಿ ದಂಡ ಪರಿಣಾಮಕಾರಿಯಲ್ಲ ಎಂಬ ಅಭಿಪ್ರಾಯವನ್ನು ಸುಪ್ರೀಂ ಕೋರ್ಟ್ ಕೂಡ 2023ರಲ್ಲಿ ವ್ಯಕ್ತಪಡಿಸಿತ್ತು.

ಶಿಕ್ಷಣ, ಕೃಷಿ, ಆರೋಗ್ಯ, ಪರಿಸರ ಮೊದಲಾದ ಎಂಟು ವಿಷಯಗಳಿಗೆ ದಿನಕ್ಕೆ 30 ನಿಮಿಷ ಮೀಸಲಿಡಬೇಕೆಂಬ 2022ರ ಮಾರ್ಗಸೂಚಿ ಒಳ್ಳೆಯ ಆಶಯದ್ದೇ. ಅಡಿಕೆಯ ಎಲೆಚುಕ್ಕಿ ರೋಗದಿಂದ ತೋಟ ಕಳೆದುಕೊಳ್ಳುತ್ತಿರುವ ಮಲೆನಾಡಿನ ರೈತನಿಗೆ, ಯಾವ ಔಷಧಿಯನ್ನು ಯಾವಾಗ ಸಿಂಪಡಿಸಬೇಕೆಂದು ಸಸ್ಯರೋಗ ತಜ್ಞರು ಅವನ ಭಾಷೆಯಲ್ಲಿ ಹೇಳುವ ಅರ್ಧ ಗಂಟೆ ಎಷ್ಟೋ ಚರ್ಚಾಕೂಟಗಳಿಗಿಂತ ಬೆಲೆಯುಳ್ಳದ್ದು. ಆದರೆ ವಾಹಿನಿಗಳು ತಾವೇ ಲೆಕ್ಕ ಬರೆದು ಸಚಿವಾಲಯಕ್ಕೆ ಪ್ರತಿ ತಿಂಗಳು ಸಲ್ಲಿಸುವ ಈ ಏರ್ಪಾಡಿನಲ್ಲಿ ವೀಕ್ಷಕನಿಗೆ ಸ್ಥಾನವೇ ಇಲ್ಲ. ಸರ್ಕಾರದ ಯೋಜನೆಗಳ ಗುಣಗಾನವನ್ನೂ ಸಾರ್ವಜನಿಕ ಹಿತಾಸಕ್ತಿಯ ಲೆಕ್ಕಕ್ಕೆ ಸೇರಿಸಿದರೆ ತಡೆಯುವವರು ಯಾರು?

2021ರ ನಿಯಮಗಳ ಪ್ರಕಾರ ವೀಕ್ಷಕರ ದೂರನ್ನು ವಾಹಿನಿ 15 ದಿನಗಳೊಳಗೆ ಇತ್ಯರ್ಥಪಡಿಸಬೇಕು. ದೂರು ಯಾರಿಗೆ, ಹೇಗೆ ಕೊಡಬೇಕೆಂಬುದನ್ನು ಸುದ್ದಿಯ ನಡುವೆ ಕನ್ನಡದಲ್ಲಿ, ಓದಲು ಸಾಕಾಗುವಷ್ಟು ಹೊತ್ತು ತೋರಿಸುವುದನ್ನು ಕಡ್ಡಾಯ ಮಾಡಬೇಕು. ಮಾಸಿಕ ವರದಿಗಳು ಸಾರ್ವಜನಿಕರಿಗೆ ಸಿಗಬೇಕು. ಮುಂದಿನ ಮಸೂದೆ ಸಂಸತ್ತಿಗೆ ಬಂದಾಗ, ಪ್ರಾಧಿಕಾರದ ಸದಸ್ಯರ ನೇಮಕವನ್ನು ಸಚಿವಾಲಯದ ಹಿಡಿತದಿಂದ ಹೊರಗಿಡುವಂತೆ ಕರ್ನಾಟಕದ ಸಂಸದರು ಪಕ್ಷಭೇದವಿಲ್ಲದೆ ಒತ್ತಾಯಿಸಬೇಕೆಂದು ಕೋರುತ್ತೇನೆ.

– ಓರ್ವ ವೀಕ್ಷಕ, ಶಿವಮೊಗ್ಗ