ವಾಪಸ್ ಕೊಟ್ಟ ಕತ್ತರಿಗೂ ಸಂಬಳ ಕತ್ತರಿಸಿದರು: ಕಾರ್ಮಿಕ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಸಚಿವರೇ,

ಹಾಸನದಿಂದ ನಮಸ್ಕಾರ.

ಇಲ್ಲಿನ ಕೈಗಾರಿಕಾ ಪ್ರದೇಶದ ಒಂದು ಗಾರ್ಮೆಂಟ್ಸ್‌ನಲ್ಲಿ ನಾಲ್ಕು ವರ್ಷ ಟೈಲರ್ ಆಗಿದ್ದೆ. ಅಮ್ಮ ಹಾಸಿಗೆ ಹಿಡಿದರು. ಆಲೂರಿನಿಂದ ದಿನಾ ಓಡಾಡಲು ಆಗಲಿಲ್ಲ, ಕೆಲಸ ಬಿಟ್ಟೆ. ಕೊನೆಯ ತಿಂಗಳು ಒಂದು ದಿನವೂ ರಜೆ ಹಾಕದೆ ದುಡಿದಿದ್ದೆ. ಕೈಗೆ ಬಂದಿದ್ದು 1,940 ರೂಪಾಯಿ. ಅದೂ 47 ದಿನ ಅಲೆಸಿದ ಮೇಲೆ.

ಸ್ಲಿಪ್ ನೋಡಿದೆ. ಪಿಎಫ್, ಇಎಸ್‌ಐ ಹಿಡಿದಿದ್ದಕ್ಕೆ ತಕರಾರಿಲ್ಲ. ನೋಟಿಸ್ ಪೇ ಅಂತ, ಅಂದರೆ ಮುಂಚೆ ತಿಳಿಸದೆ ಕೆಲಸ ಬಿಟ್ಟೆ ಅಂತ, ದೊಡ್ಡ ಮೊತ್ತ ಮುರಿದುಕೊಂಡಿದ್ದರು. ನಾನು ತಿಂಗಳು ಮುಂಚೆಯೇ ರಾಜೀನಾಮೆ ಬರೆದುಕೊಟ್ಟಿದ್ದೆ. ನಕಲಿನ ಮೇಲೆ ಸೀಲ್ ಹಾಕಿಸಿಕೊಳ್ಳಬೇಕಿತ್ತಂತೆ! ಅದರ ಕೆಳಗೆ ‘ಟ್ರಿಮ್ಮರ್ 120’. ಟ್ರಿಮ್ಮರ್ ಅಂದರೆ ನೂಲು ಕತ್ತರಿಸುವ ಪುಟ್ಟ ಕತ್ತರಿ. ದಾರ ಕಟ್ಟಿ ಕೊರಳಿಗೆ ಹಾಕಿಕೊಂಡಿರುತ್ತೇವೆ. ಕೊನೆಯ ದಿನ ಅದನ್ನು ಬಿಚ್ಚಿ, ದಾರ ಸುತ್ತಿ, ಸೂಪರ್‌ವೈಸರ್ ಟೇಬಲ್ ಮೇಲೆ ಇಟ್ಟು ಬಂದಿದ್ದೆ. 120 ರೂಪಾಯಿ ಹೋಗಲಿ ಬಿಡಿ. ನಾನೇನು ಕತ್ತರಿ ಕದ್ದವಳಾ?

ಚೆಕ್ ಕೊಡುವ ಮೊದಲು ಇಂಗ್ಲಿಷಿನ ಒಂದು ಹಾಳೆಗೆ ಸೈನ್ ಹಾಕಿಸಿದರು. ಎಲ್ಲಾ ಬಾಕಿ ಸಂದಾಯವಾಗಿದೆ, ಇನ್ನೇನೂ ಕೇಳುವುದಿಲ್ಲ ಅಂತ ಅದರಲ್ಲಿತ್ತು. ಇದು ಗೊತ್ತಾಗಿದ್ದು ಮನೆಗೆ ಬಂದು ತಮ್ಮನ ಹತ್ತಿರ ಓದಿಸಿದಾಗ.

2019ರ ವೇತನ ಸಂಹಿತೆ 2025ರ ನವೆಂಬರ್ 21ರಿಂದ ಜಾರಿಯಲ್ಲಿದೆ, ಅಲ್ವಾ ಸರ್? ರಾಜೀನಾಮೆ ಕೊಟ್ಟವರಿಗೂ ಎರಡು ಕೆಲಸದ ದಿನಗಳಲ್ಲಿ ಸಂಬಳ ಕೊಡಬೇಕು ಅಂತ ಅದರಲ್ಲಿದೆ. ವಸ್ತು ಕಳೆದಿದೆ ಅಂತ ಹಣ ಹಿಡಿಯುವ ಮೊದಲು ನಮ್ಮ ಮಾತು ಕೇಳಬೇಕು. ಎಲ್ಲಾ ಸೇರಿಸಿದರೂ ಕಡಿತ ಸಂಬಳದ ಅರ್ಧ ದಾಟುವಂತಿಲ್ಲ. ಬಾಕಿ ಕೊಟ್ಟಿದ್ದೇವೆ ಅಂತ ಸಾಬೀತು ಮಾಡಬೇಕಾದವರು ಮಾಲೀಕರು, ನಾವಲ್ಲ. ದೂರು ಕೊಡಲು ಮೂರು ವರ್ಷ ಸಮಯವೂ ಇದೆ.

ಕಾನೂನು ಚೆನ್ನಾಗಿದೆ. ನಾವು ಅಲ್ಲಿಗೆ ಮುಟ್ಟುವುದೇ ಕಷ್ಟ. ಕಾರ್ಮಿಕ ಇಲಾಖೆ ಕಚೇರಿ ತೆರೆದಿರುವ ಹೊತ್ತಿಗೆ ನಾವು ಮಷಿನ್ ಮುಂದೆ ಕೂತಿರುತ್ತೇವೆ. ನಮಗೆ ರಜೆ ಇರುವ ಭಾನುವಾರ ಅಲ್ಲಿ ಬೀಗ. ನನ್ನ ಲೈನಿನ ಗೆಳತಿಗೂ ಹೀಗೇ ಆಗಿತ್ತು. ಈಗ ಬೇರೆ ಫ್ಯಾಕ್ಟರಿಯಲ್ಲಿದ್ದಾಳೆ. ದೂರು ಕೊಡಲು ಒಂದು ದಿನ ರಜೆ ಹಾಕಿದರೆ ಆ ದಿನದ ಕೂಲಿಯೂ ಹೋಯಿತು, ಹಾಜರಿ ಬೋನಸ್ಸೂ ಹೋಯಿತು. ಸುಮ್ನೆ ಬಿಟ್ಟುಬಿಟ್ಟಳು.

ಜಾಸ್ತಿ ಏನೂ ಕೇಳುತ್ತಿಲ್ಲ. ತಿಂಗಳಿಗೊಂದು ಭಾನುವಾರ ನಿಮ್ಮ ಅಧಿಕಾರಿಗಳು ಕೈಗಾರಿಕಾ ಪ್ರದೇಶದಲ್ಲೇ ಟೇಬಲ್ ಹಾಕಿ ಕೂರಲಿ. ಲೆಕ್ಕ ಚುಕ್ತಾ ಮಾಡುವ ಹಾಳೆ ಕನ್ನಡದಲ್ಲಿರಬೇಕು ಅಂತ ಆದೇಶ ಮಾಡಿ. ರಾಜೀನಾಮೆ ತೆಗೆದುಕೊಂಡ ಕೂಡಲೇ ಸೀಲ್ ಹಾಕಿದ ನಕಲು ಕೊಡಲಿ, ಕೇಳಿದರೂ ಕೇಳದಿದ್ದರೂ.

ಸ್ಲಿಪ್ಪಿನ ಎರಡು ಜೆರಾಕ್ಸ್ ಮಾಡಿಸಿಟ್ಟಿದ್ದೇನೆ. ಯಾವ ಭಾನುವಾರ ಅಂತ ತಿಳಿಸಿ, ಗೆಳತಿಯನ್ನೂ ಕರೆದುಕೊಂಡು ಬರುತ್ತೇನೆ.

ಇಂತಿ,
ಆಲೂರಿನ ಒಬ್ಬ ಟೈಲರ್